ಚೆನ್ನೆಮಣೆಯ ಸವೆತ

ಇತಿಹಾಸವೆಂದೊಡನೆ ನಮ್ಮ ಮನಸ್ಸು ಶಾಸನಗಳತ್ತ, ತಾಳೆಗರಿಗಳತ್ತ ಹರಿಯುತ್ತದೆ. ಅಟ್ಟದ ಮೇಲಿನ ಚೆನ್ನೆಮಣೆಯನ್ನು ಆ ದೃಷ್ಟಿಯಿಂದ ನೋಡಿದವರು ವಿರಳ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯ ಕಡೆ (ಕೊಡಿಗೆಯೆಂದರೆ ಶಾಸನಗಳ ಭಾಷೆಯಲ್ಲಿ ದತ್ತಿಯಾಗಿ ಬಿಟ್ಟ ಭೂಮಿ) ನಾನು ಕಂಡ ಹಳೆಯ ಮಣೆಗಳು ಹಲಸಿನ ಮರದವು. ಎರಡು ಸಾಲು, ಸಾಲಿಗೆ ಏಳು ಗುಳಿ. ಗುಳಿಗೆ ನಾಲ್ಕರಂತೆ 56 ಬೀಜ. ಹೊರಗೆ ಕಾಲಿಡಲಾಗದ ಆಷಾಢದ ಮಳೆಯಲ್ಲಿ ಹೆಂಗಸರೂ ಮಕ್ಕಳೂ ಕುಳಿತು ಆಡಿದ ಆಟವಿದು.

ಆ ಮಣೆಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಗುಳಿಯ ತುಟಿ ಎಲ್ಲ ಕಡೆಗೂ ಒಂದೇ ಸಮನಾಗಿ ಸವೆದಿಲ್ಲ. ಆಡುವವರು ಕುಳಿತ ಮಗ್ಗುಲಲ್ಲಿ ಹೆಚ್ಚು ನುಣುಪು. ಹುಣಿಸೆಬೀಜಕ್ಕೆ ಹಲಸನ್ನು ಸವೆಸುವ ಶಕ್ತಿಯೆಲ್ಲಿಯದು? ಅದು ಬೀಜವನ್ನು ಬಾಚಿದ ಬೆರಳುಗಳ ಕೆಲಸ.

ಪಶ್ಚಿಮದ ಪಿನ್‌ಬಾಲ್ ಯಂತ್ರದಲ್ಲಿ ಇದು ತಿರುಗುಮುರುಗು. ಬ್ಯಾಗಟೆಲ್ ಎಂಬ ಹಲಗೆಯಾಟಕ್ಕೆ 1871ರಲ್ಲಿ ಮಾಂಟೇಗ್ ರೆಡ್‌ಗ್ರೇವ್ ಅಮೆರಿಕದಲ್ಲಿ ಪೇಟೆಂಟ್ ಪಡೆದ ಸುಧಾರಣೆಗಳಿಂದ ಬೆಳೆದುಬಂದ ಆ ಯಂತ್ರದಲ್ಲಿ ಹಲಗೆಯನ್ನು ತಿನ್ನುವುದು ಉಕ್ಕಿನ ಗುಂಡೇ. ಬಣ್ಣ ಮಾಸಿದರೆ ಚಿಂತೆಯಿಲ್ಲ. ಮೆರುಗು ಹರಿದು ಮರ ಬಯಲಾಗಿ ಗುಂಡು ದಾರಿ ತಪ್ಪಿದರೆ ಚಿಂತಿಸಬೇಕು.

ನಮ್ಮ ಮಣೆಗೂ ಈ ಅಳತೆಗೋಲು ಸಲ್ಲುತ್ತದೆಂದು ನನ್ನ ಎಣಿಕೆ. ಕಪ್ಪಡರಿದ ಬಣ್ಣ, ಮೊಂಡಾದ ಅಂಚು, ಇವು ವಯಸ್ಸಿನ ಲಕ್ಷಣ. ಎರಡು ಗುಳಿಗಳ ನಡುವಿನ ದಿಣ್ಣೆ ತಗ್ಗಿ ಬೀಜ ಪಕ್ಕದ ಗುಳಿಗೆ ಉರುಳಿತೆಂದರೆ ಲೆಕ್ಕವೇ ಕೆಟ್ಟಿತು. ಇದು ಎಣಿಕೆಯ ಆಟವಲ್ಲವೆ! ತುದಿಯಿಂದ ನಾರಿನ ಗುಂಟ ಒಳನುಗ್ಗುವ ಬಿರುಕೂ ಅಪಾಯದ್ದೇ. ಅದಕ್ಕಿಂತ ಕೇಡಿನದು ಮಣೆಯ ಕೆಳಗೆ ಉದುರಿದ ಹಿಟ್ಟಿನಂಥ ಹುಡಿ: ಒಳಗೆ ಹುಳು ಜೀವಂತವಾಗಿದೆ. ಅಂಥದನ್ನು ಉಳಿದ ಮರದ ಸಾಮಾನಿನಿಂದ ತಕ್ಷಣ ಬೇರ್ಪಡಿಸಬೇಕು.

ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳನ್ನು ಎಷ್ಟು ಆದರಿಸಿದರೆಂಬುದಕ್ಕೆ ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಬರೆದ ಆಟದ ಮನೆಗಳೇ ಸಾಕ್ಷಿ. ಅವು ಅರಸನ ಅಭಿರುಚಿಯನ್ನು ಹೇಳುತ್ತವೆ. ಆಡಿದವರ ಬೆರಳ ಗುರುತು ಗೋಡೆಯ ಚಿತ್ರದಲ್ಲಿ ಎಲ್ಲಿಂದ ಬರಬೇಕು? ಮಲೆನಾಡಿನ ಮಣೆಗಳಲ್ಲಿ ಅದಿದೆ. ಈಚೆಗೆ ಒಂದು ಮನೆಯಲ್ಲಿ ಅಂಥದೊಂದು ಮಣೆಯನ್ನು ಉಜ್ಜುಗೊರಡಿನಿಂದ ಹೆರೆದು, ವಾರ್ನಿಷ್ ಬಳಿದು, ಗಾಜಿನ ಬೀರುವಿನಲ್ಲಿ ನಿಲ್ಲಿಸಿದ್ದರು. ಬಡಗಿಯ ಕೈ ಅಚ್ಚುಕಟ್ಟಾಗಿತ್ತು. ಹದಿನಾಲ್ಕು ಗುಳಿಗಳ ತುಟಿಯೂ ಈಗ ಒಂದೇ ಸಮ.