ಥರ್ಮಾಮೀಟರ್ ಒಡೆದರೆ ಪಾದರಸವನ್ನು ಗುಡಿಸದಿರಿ

ಹಿರೇಕೆರೂರು: ಜ್ವರ ನೋಡಲು ತೆಗೆದ ಗಾಜಿನ ಥರ್ಮಾಮೀಟರ್ ಕೈಜಾರಿ ಒಡೆಯುವುದು ಯಾವ ಮನೆಯಲ್ಲಾದರೂ ಸಂಭವಿಸಬಹುದು. ನೆಲದಲ್ಲಿ ಉರುಳಾಡುವ ಬೆಳ್ಳಿಬಣ್ಣದ ಹನಿಗಳನ್ನು ಕಸಬರಿಗೆಯಿಂದ ಗುಡಿಸಿ ಎಸೆಯುವುದು, ಮಕ್ಕಳು ಅವನ್ನು ಅಂಗೈಯಲ್ಲಿಟ್ಟು ಆಡುವುದು, ಎರಡೂ ತಪ್ಪು.

ಅಪಾಯವೇನು?
ಒಂದು ಥರ್ಮಾಮೀಟರಿನಲ್ಲಿರುವುದು ಸುಮಾರು ಅರ್ಧದಿಂದ ಒಂದೂವರೆ ಗ್ರಾಂ ಪಾದರಸ. ಇದು ಕೋಣೆಯ ಸಾಮಾನ್ಯ ಉಷ್ಣತೆಯಲ್ಲೇ ಆವಿಯಾಗುತ್ತದೆ. ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಂದಿಗೆ ಒಳಹೋದ ಆವಿಯ ಶೇ 80ರಷ್ಟು ರಕ್ತಕ್ಕೆ ಸೇರಿ ಮಿದುಳು, ನರಮಂಡಲ ಹಾಗೂ ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲದು. ಆವಿ ಗಾಳಿಗಿಂತ ಭಾರ. ನೆಲದಲ್ಲಿ ಅಂಬೆಗಾಲಿಡುವ ಮಗುವಿಗೆ ಅಪಾಯ ಹೆಚ್ಚು. ಆದರೆ ಕೂಡಲೇ ಸರಿಯಾಗಿ ತೆಗೆದರೆ ಗಾಬರಿಗೆ ಕಾರಣವಿಲ್ಲ.

ಮಾಡಬೇಕಾದುದು
* ಮಕ್ಕಳು, ಗರ್ಭಿಣಿಯರು ಹಾಗೂ ಸಾಕುಪ್ರಾಣಿಗಳನ್ನು ಹೊರಗೆ ಕಳುಹಿಸಿ, ಕಿಟಕಿ ತೆರೆದು, ಒಳಕೋಣೆಗಳ ಬಾಗಿಲು ಮುಚ್ಚಬೇಕು.
* ಉಂಗುರ, ಬಳೆ ತೆಗೆದಿಡಬೇಕು. ಪಾದರಸ ಬಂಗಾರಕ್ಕೆ ಅಂಟಿ ಅದನ್ನು ಕೆಡಿಸುತ್ತದೆ. ನಂತರ ರಬ್ಬರ್ ಕೈಗವಸು ಧರಿಸಬೇಕು.
* ಗಾಜಿನ ಚೂರುಗಳನ್ನು ಎಚ್ಚರದಿಂದ ಆರಿಸಬೇಕು. ದಪ್ಪ ಕಾಗದದ ಎರಡು ತುಂಡುಗಳಿಂದ ಹನಿಗಳನ್ನು ಒಂದೆಡೆ ಸೇರಿಸಿ, ಸೂಜಿಯಿಲ್ಲದ ಸಿರಿಂಜಿನಿಂದ ಎಳೆದುಕೊಳ್ಳಬೇಕು.
* ಕೋಣೆ ಕತ್ತಲಾಗಿಸಿ ಟಾರ್ಚನ್ನು ನೆಲಮಟ್ಟದಲ್ಲಿ ಹಿಡಿದರೆ ಉಳಿದ ಸಣ್ಣ ಹನಿಗಳು ಮಿನುಗುತ್ತವೆ. ಅವನ್ನು ಅಂಟುಪಟ್ಟಿಯಿಂದ ತೆಗೆಯಬೇಕು.
* ಸಾರಿಸಿದ ಮಣ್ಣಿನ ನೆಲವಾದರೆ ಪಾದರಸ ಬಿದ್ದೆಡೆ ಮೇಲ್ಪದರ ಕೆರೆದು ತೆಗೆಯುವುದು ಕ್ಷೇಮ.
* ಎಲ್ಲವನ್ನೂ ಬಿಗಿಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಹೆಸರು ಬರೆಯಬೇಕು. ಕೋಣೆಗೆ ಒಂದು ದಿನ ಗಾಳಿಯಾಡಲಿ.

ಮಾಡಬಾರದುದು
ಕಸಬರಿಗೆ ಹನಿಗಳನ್ನು ಒಡೆದು ಹರಡುತ್ತದೆ. ವ್ಯಾಕ್ಯೂಮ್ ಕ್ಲೀನರ್ ಆವಿಯನ್ನು ಕೋಣೆ ತುಂಬ ಚೆಲ್ಲುತ್ತದೆ. ಬಚ್ಚಲಿಗೆ ಸುರಿಯಬಾರದು, ಸುಡಬಾರದು. ಪಾದರಸ ತಾಗಿದ ಕೌದಿ, ಹಾಸಿಗೆ, ಬಟ್ಟೆಗಳನ್ನು ಒಗೆಯದೆ ಚೀಲದಲ್ಲಿ ಕಟ್ಟಿಡಬೇಕು. ಮಗು ಥರ್ಮಾಮೀಟರ್ ಕಚ್ಚಿ ಪಾದರಸ ನುಂಗಿದರೆ ವಾಂತಿ ಮಾಡಿಸಬಾರದು. ನುಂಗಿದ ಪಾದರಸ ಬಹುಪಾಲು ಮಲದೊಂದಿಗೆ ಹೊರಹೋಗುತ್ತದೆ. ಗಾಜಿನ ಚೂರಿನ ಭಯವೇ ಹೆಚ್ಚು. ಕೂಡಲೇ ವೈದ್ಯರಿಗೆ ತೋರಿಸಬೇಕು.

ಎಲ್ಲಿಗೆ ಒಪ್ಪಿಸಬೇಕು?
2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಒಡೆದ ಪಾದರಸ ಥರ್ಮಾಮೀಟರನ್ನು ಮನೆಯ ಅಪಾಯಕಾರಿ ತ್ಯಾಜ್ಯವೆಂದೇ ಹೆಸರಿಸಿದ್ದವು. ಡಬ್ಬಿಯನ್ನು ದಿನನಿತ್ಯದ ಕಸಕ್ಕೆ ಬೆರೆಸದೆ, ಒಳಗೇನಿದೆ ಎಂದು ತಿಳಿಸಿ ಸ್ಥಳೀಯ ಸಂಸ್ಥೆಯ ಸಿಬ್ಬಂದಿಗೆ ಪ್ರತ್ಯೇಕವಾಗಿ ಕೊಡಬೇಕು. ಗುಜರಿಗಂತೂ ಹಾಕಲೇಬಾರದು. ತಮಿಳುನಾಡಿನ ಕೊಡೈಕೆನಾಲ್‌ನಲ್ಲಿ ಹಿಂದೂಸ್ತಾನ್ ಲೀವರ್ ಕಂಪನಿಯ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿದ್ದು, ಪಾದರಸ ಮೆತ್ತಿದ ಗಾಜು ಊರಿನ ಗುಜರಿ ಅಂಗಡಿಯಲ್ಲಿ ಪತ್ತೆಯಾದ ಬಳಿಕವೇ.

ಪಾದರಸದ ಬಳಕೆ ತಗ್ಗಿಸುವ ಮಿನಾಮಾಟ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು. ಆದರೂ ಹಳೆಯ ಥರ್ಮಾಮೀಟರುಗಳು ಅನೇಕರ ಮನೆಯ ಔಷಧದ ಡಬ್ಬಿಯಲ್ಲಿ ಉಳಿದಿವೆ. ಅದು ಒಡೆಯುವ ಮುನ್ನವೇ ಒಪ್ಪಿಸಿ, ಡಿಜಿಟಲ್ ಥರ್ಮಾಮೀಟರ್ ಕೊಳ್ಳುವುದು ಲೇಸು.