ಸ್ಯಾಮ್ಯುಯೆಲ್ ಚಾರ್ಟರ್ಸ್

ಚಾರ್ಟರ್ಸ್, ಸ್ಯಾಮ್ಯುಯೆಲ್ : 1929-2015. ಅಮೆರಿಕದ ಜಾಜ್ ಮತ್ತು ಬ್ಲೂಸ್ ಸಂಗೀತದ ಇತಿಹಾಸಕಾರ, ಧ್ವನಿಮುದ್ರಕ, ಕವಿ. ಹುಟ್ಟಿದ್ದು ಪೆನ್ಸಿಲ್ವೇನಿಯದ ಪಿಟ್ಸ್‌ಬರ್ಗಿನಲ್ಲಿ. ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಿಂದ ಪಡೆದ ಪದವಿ ಅರ್ಥಶಾಸ್ತ್ರದ್ದು. ಸಂಗೀತದ ಪಾಠವಾದದ್ದು ನ್ಯೂ ಆರ್ಲಿಯನ್ಸಿನಲ್ಲಿ, ಕ್ಲಾರಿನೆಟ್ ವಾದಕ ಜಾರ್ಜ್ ಲೂಯಿಸನ ಬಳಿ. ಆ ಊರಿನ ಕರಿಯ ವಾದಕರ ಹೆಸರು, ವಾದ್ಯ, ತಂಡಗಳನ್ನು ಒಂದೆಡೆ ಸೇರಿಸಿ 1958ರಲ್ಲಿ ಪುಸ್ತಕವಾಗಿ ಪ್ರಕಟಿಸಿದ.

ಹಾಡಿನ ಚರಿತ್ರೆಯನ್ನು ಹಾಡುವವರ ಮನೆಬಾಗಿಲಿಗೇ ಹೋಗಿ ಕೇಳಬೇಕೆಂಬುದು ಈತನ ಕ್ರಮ. ದೇವರ ಹಾಡುಗಳನ್ನು ಗಿಟಾರಿನೊಂದಿಗೆ ಹಾಡುತ್ತಿದ್ದ ಕುರುಡ ಗಾಯಕ ಬ್ಲೈಂಡ್ ವಿಲಿ ಜಾನ್ಸನ್ ತೀರಿಕೊಂಡದ್ದು 1945ರಲ್ಲಿ. ಟೆಕ್ಸಸಿನ ಬೋಮಾಂಟಿನಲ್ಲಿ ಅವನ ಹೆಂಡತಿ ಆಂಜಲೀನಳನ್ನು ಹುಡುಕಿ ಮಾತಾಡಿಸಿ, ಚಾರ್ಟರ್ಸ್ ಅವನ ಬಾಳಿನ ಕಥೆಯನ್ನು ಉಳಿಸಿದ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳು ಹೊತ್ತೊಯ್ದ ಚಿನ್ನದ ಲೇಪದ ಧ್ವನಿತಟ್ಟೆಯಲ್ಲಿ ಹಿಂದುಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರರ ಭೈರವಿಯ ಜತೆ ಈ ಜಾನ್ಸನ್ನನ ದನಿಯೂ ಇದೆ.

1959ರ ಜನವರಿಯಲ್ಲಿ ಹೂಸ್ಟನ್ನಿನಲ್ಲಿ ಬ್ಲೂಸ್ ಗಾಯಕ ಲೈಟ್ನಿನ್ ಹಾಪ್ಕಿನ್ಸ್ ಸಿಕ್ಕಾಗ ಅವನ ಗಿಟಾರು ಗಿರವಿ ಅಂಗಡಿಯಲ್ಲಿತ್ತು. ಹೇಗೋ ಗಿಟಾರು ಹೊಂದಿಸಿ, ಅವನ ಬಾಡಿಗೆ ಕೋಣೆಯಲ್ಲೇ ಟೇಪ್ ರೆಕಾರ್ಡರ್ ಇಟ್ಟು, ಇದ್ದ ಒಂದೇ ಮೈಕನ್ನು ಕೈಯಲ್ಲಿ ಹಿಡಿದು, ಹಾಡಿದಾಗ ಬಾಯಿಯ ಹತ್ತಿರಕ್ಕೂ ನುಡಿಸಿದಾಗ ತಂತಿಯ ಹತ್ತಿರಕ್ಕೂ ಒಯ್ಯುತ್ತ ಚಾರ್ಟರ್ಸ್ ಮುದ್ರಿಸಿಕೊಂಡ. ಫೋಕ್‌ವೇಸ್ ಕಂಪನಿಯಿಂದ ಹೊರಬಂದ ಆ ತಟ್ಟೆ ಹಾಪ್ಕಿನ್ಸನಿಗೆ ಹೊಸ ಕೇಳುಗರನ್ನು ತಂದುಕೊಟ್ಟಿತು.

ಅದೇ ವರ್ಷ ಬಂದ ಚಾರ್ಟರ್ಸನ ದಿ ಕಂಟ್ರಿ ಬ್ಲೂಸ್ ಗ್ರಾಮೀಣ ಬ್ಲೂಸ್ ಕುರಿತ ಮೊದಲ ಪೂರ್ಣ ಪ್ರಮಾಣದ ಗ್ರಂಥ. ಹೆಚ್ಚು ಮಾರಾಟವಾದ ಗಾಯಕರಿಗೇ ಮಣೆ ಹಾಕಿದೆ, ಮಿಸಿಸಿಪಿ ಡೆಲ್ಟಾದವರನ್ನು ಕಡೆಗಣಿಸಿದೆ ಎಂದು ಹಳೆಯ ತಟ್ಟೆಗಳ ಸಂಗ್ರಾಹಕರು ಸಿಡಿದು ಇನ್ನೊಂದು ಹಾಡುಸಂಗ್ರಹವನ್ನೇ ಹೊರತಂದರು. ಬರವಣಿಗೆಯಲ್ಲಿ ಭಾವುಕತೆ ಹೆಚ್ಚೆಂಬ ಆಕ್ಷೇಪವೂ ಇತ್ತು. ಬಣ್ಣದ ಭೇದ ಉಗ್ರವಾಗಿದ್ದ ಕಾಲದಲ್ಲಿ ಬಿಳಿಯರ ಮನಸ್ಸನ್ನು ತಿರುಗಿಸಲು ಬೇಕೆಂದೇ ಹಾಗೆ ಬರೆದೆನೆಂದು ಚಾರ್ಟರ್ಸ್ ಮುಂದೆ ಒಪ್ಪಿಕೊಂಡ. ಆಕ್ಷೇಪದಲ್ಲಿ ಹುರುಳಿದೆ. ಆದರೂ ಬ್ಲೂಸ್ ಅಧ್ಯಯನಕ್ಕೆ ದಾರಿ ಕಡಿದದ್ದು ಈ ಪುಸ್ತಕವೇ.

1966ರಲ್ಲಿ ಷಿಕಾಗೋ ನಗರದ ವಿದ್ಯುತ್ ಗಿಟಾರಿನ ಬ್ಲೂಸನ್ನು ಮೂರು ತಟ್ಟೆಗಳಲ್ಲಿ ಹೊರತಂದ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಸಂಸಾರಸಮೇತ ಸ್ವೀಡನ್ನಿಗೆ ಹೋಗಿ ನೆಲೆಸಿದ. ಬ್ಲೂಸ್‌ನ ಬೇರು ಹುಡುಕುತ್ತ ಪಶ್ಚಿಮ ಆಫ್ರಿಕದಲ್ಲಿ ಅಲೆದ ಕಥನ 1981ರಲ್ಲಿ ಪ್ರಕಟವಾಯಿತು. ಸ್ವೀಡನ್ನಿನ ಕವಿ ಟ್ರಾನ್‌ಸ್ಟ್ರೋಮರನನ್ನು ಇಂಗ್ಲಿಷಿಗೆ ತಂದದ್ದೂ ಉಂಟು. 2015ರ ಮಾರ್ಚ್ 18ರಂದು ಸ್ವೀಡನ್ನಿನಲ್ಲೇ ತೀರಿಕೊಂಡ. ಈತನೂ ಹೆಂಡತಿ, ಬೀಟ್ ಸಾಹಿತ್ಯದ ವಿದ್ವಾಂಸೆ ಆನ್ ಚಾರ್ಟರ್ಸಳೂ ಕೂಡಿಟ್ಟ ಧ್ವನಿಮುದ್ರಣ, ಕಾಗದಪತ್ರಗಳು ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿವೆ.