ಪಂಜರದ ಗಿಳಿಯೂ ಕಾಯಿದೆಯೂ

ನಾಗವರ್ಮನ ‘ಕರ್ಣಾಟಕ ಕಾದಂಬರಿ’ಯನ್ನು ಓದಿದವರಿಗೆ ವೈಶಂಪಾಯನನೆಂಬ ಗಿಳಿ ಪರಿಚಿತ. ಶೂದ್ರಕ ಮಹಾರಾಜನ ಆಸ್ಥಾನಕ್ಕೆ ಪಂಜರದಲ್ಲಿ ಬಂದ ಆ ಪಕ್ಷಿ ತನ್ನ ಕಥೆಯನ್ನು ತಾನೇ ಹೇಳುತ್ತದೆ. ಮುದಿ ಬೇಡನೊಬ್ಬನು ಬೂರುಗದ ಮರವನ್ನೇರಿ ಗಿಳಿಗಳನ್ನು ಕೊಂದು ಕೆಡಹಿದುದು, ತಂದೆಯ ರೆಕ್ಕೆಯ ಮರೆಯಲ್ಲಿ ಮರಿಯೊಂದು ಉಳಿದುದು ಆ ಕಥೆಯ ಮೊದಲು. ಪಂಜರದ ಹಕ್ಕಿ ಎಲ್ಲಿಂದ ಬಂದಿತೆಂಬ ಪ್ರಶ್ನೆ ಕಾವ್ಯಕ್ಕೆ ಅಂದೇ ಹೊಳೆದಿದ್ದಿತು. ಕಾಯಿದೆಗೆ ಹೊಳೆಯಲು ಬಹುಕಾಲ ಹಿಡಿಯಿತು.

ಬ್ರಿಟಿಷ್ ಇಂಡಿಯಾದಲ್ಲಿ 1887ರ ಕಾಯಿದೆಯು, ಮರಿಮಾಡುವ ಋತುವಿನಲ್ಲಿ ಕಾಡುಹಕ್ಕಿಗಳನ್ನು ಇಟ್ಟುಕೊಳ್ಳುವುದನ್ನೂ ಮಾರುವುದನ್ನೂ ತಡೆಯುವ ಅಧಿಕಾರವನ್ನು ಪುರಸಭೆಗಳಿಗೂ ದಂಡು ಪ್ರದೇಶಗಳಿಗೂ ಕೊಟ್ಟಿತು. 1912ರ ಕಾಯಿದೆಯೂ ನಿಷಿದ್ಧ ಕಾಲವನ್ನು ಗೊತ್ತುಪಡಿಸುವ ದಾರಿಯನ್ನೇ ಹಿಡಿಯಿತು. ಇವೆರಡೂ ಕೇಳಿದ ಪ್ರಶ್ನೆ ಒಂದೇ: ಹಕ್ಕಿಯನ್ನು ಹಿಡಿದುದು ಯಾವ ತಿಂಗಳಲ್ಲಿ?

ಸ್ವಾತಂತ್ರ್ಯಾನಂತರ ಪ್ರಶ್ನೆ ಬದಲಾಯಿತು. ನಾಟ್ಯಕಲಾವಿದೆ ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆಯ ಪ್ರೇರಣೆಯಿಂದ 1960ರಲ್ಲಿ ಪ್ರಾಣಿಹಿಂಸಾ ನಿವಾರಣಾ ಕಾಯಿದೆ ಬಂದಿತು. ಒಳಗಿನ ಜೀವವು ತಕ್ಕಮಟ್ಟಿಗೆ ಅಲುಗಾಡಲು ಎತ್ತರ, ಉದ್ದ, ಅಗಲ ಸಾಲದ ಪಂಜರದಲ್ಲಿ ಅದನ್ನಿಡುವುದು ಅಪರಾಧವಾಯಿತು. ಪಂಜರ ಎಷ್ಟು ದೊಡ್ಡದು? ಇದು ಎರಡನೆಯ ಪ್ರಶ್ನೆ.

ಹಕ್ಕಿ ಯಾವ ನಾಡಿನದು ಎಂಬ ಮೂರನೆಯ ಪ್ರಶ್ನೆಯನ್ನು ಕೇಳಿದುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. 1990–91ರ ಹೊತ್ತಿಗೆ ದೇಶದ ಕಾಡುಹಕ್ಕಿಗಳ ವ್ಯಾಪಾರವೇ ನಿಷಿದ್ಧವಾಯಿತು. ಅಂದಿನಿಂದ ನಮ್ಮ ಹಸಿರು ಗಿಳಿಯನ್ನು ಹಿಡಿಯುವುದೂ ಮಾರುವುದೂ ಪಂಜರದಲ್ಲಿಡುವುದೂ ಕೂಡದು. ಹಾಲನ್ನ ತಿನ್ನಿಸಿ ಮಗುವಿನಂತೆ ಸಾಕಿದೆನೆಂಬ ಮಾತು ಉತ್ತರವಾಗದು. ಗಿಳಿಶಾಸ್ತ್ರ ಹೇಳುವವನ ಜೀವನೋಪಾಯಕ್ಕೂ ಕುತ್ತು ಬಂದಿತು. ಕಠಿನವೆನಿಸಬಹುದು. ಆದರೆ ಪೇಟೆಗೆ ಬರುವ ಗಿಳಿಮರಿ ಪೊಟರೆಯಿಂದ ಕಿತ್ತುತಂದದ್ದು. ದಾರಿಯಲ್ಲಿ ಸತ್ತ ಅದರ ಒಡಹುಟ್ಟಿದವುಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಪರದೇಶದ ಹಕ್ಕಿಗಳ ಮಾತು ಬೇರೆ. ಆಫ್ರಿಕದ ಬೂದು ಗಿಳಿ, ಬಣ್ಣದ ಮಕಾವು ಮೊದಲಾದವು ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ಭಾರತವು ಆ ಒಪ್ಪಂದಕ್ಕೆ 1976ರಲ್ಲಿ ಸೇರಿತು. 2022ರ ತಿದ್ದುಪಡಿ ಹಾಗೂ 2024ರ ನಿಯಮಗಳ ಮೇರೆಗೆ ಇಂತಹ ಹಕ್ಕಿಯನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸಬೇಕು. ಮರಿಯಾದರೂ ಕೈಬದಲಾದರೂ ತಿಳಿಸಬೇಕು. ಮಾರಾಟದ ಅಂಗಡಿಗಳಿಗೆ 2018ರಿಂದ ನೋಂದಣಿ ಕಡ್ಡಾಯ. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಆಸ್ಟ್ರೇಲಿಯಾದ ಬಜ್ರಿಗರ್ ಆ ಒಪ್ಪಂದದ ಪಟ್ಟಿಯಲ್ಲಿಲ್ಲ. ಆದರೂ ಪಂಜರದ ಅಳತೆಯ ನಿಯಮ ಅದಕ್ಕೂ ಉಂಟು. ಹೀಗೆ ನಾಲ್ಕನೆಯ ಪ್ರಶ್ನೆ: ಹಕ್ಕಿಯ ಹೆಸರು ಯಾವ ದಫ್ತರದಲ್ಲಿದೆ?

ಇದನ್ನೋದಿ ಯಾರೂ ಅವಸರದಿಂದ ಪಂಜರದ ಬಾಗಿಲು ತೆರೆಯಬಾರದು. ರೆಕ್ಕೆ ಕತ್ತರಿಸಿದ, ಆಹಾರ ಹುಡುಕಲರಿಯದ ಗಿಳಿ ಕಾಗೆಗೋ ಬೆಕ್ಕಿಗೋ ತುತ್ತಾದೀತು. ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸುವುದೇ ಲೇಸು. ಪರದೇಶದ ಹಕ್ಕಿಯನ್ನು ಕೊಳ್ಳುವವರೂ ಮೊದಲು ಅದರ ಪೂರ್ವಕಥೆಯನ್ನು ವಿಚಾರಿಸಲಿ. ವೈಶಂಪಾಯನನಿಗೆ ಮಾತು ಬರುತ್ತಿದ್ದಿತು. ತನ್ನ ಕಥೆಯನ್ನು ತಾನೇ ಹೇಳಿಕೊಂಡನು. ನಮ್ಮ ಗಿಳಿಗಳು ಕಲಿಸಿದ ನಾಲ್ಕು ಮಾತನ್ನಷ್ಟೇ ಆಡುತ್ತವೆ. ಅವುಗಳ ಮಿಕ್ಕ ಕಥೆಯನ್ನು ನಾವೇ ಕೇಳಿ ತಿಳಿಯಬೇಕು.